ಹೊಸ ಕಾರ್ಯಕ್ರಮಗಳ ಸಾಲು: ಹದಿಮೂರು ಕಂತಿಗೆ ಮುಗಿಯುವ ಕಥೆ ಮತ್ತೆ ಬರಬೇಕೆ?

ತುಂಗೆಯ ತಟ (ಚರ್ಚೆ ಆರಂಭಿಸಿದವರು)

ಯಾವುದೇ ಕನ್ನಡ ವಾಹಿನಿ ಹೊಸ ಕಾರ್ಯಕ್ರಮಗಳ ಸಾಲನ್ನು ಪ್ರಕಟಿಸಿದಾಗ ಅದರಲ್ಲಿ ಏನೇನಿದೆ, ಯಾರು ನಟಿಸಿದ್ದಾರೆ ಎಂದು ಎಲ್ಲರೂ ಕೇಳುತ್ತಾರೆ. ಅದು ಯಾವಾಗ ಮುಗಿಯುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನಾನು ತೀರ್ಥಹಳ್ಳಿಯ ಕಡೆಯವನು, ನಿವೃತ್ತ ಶಿಕ್ಷಕ. ನಮ್ಮ ಮನೆಗೆ ಟಿ.ವಿ. ಬಂದ ಕಾಲದಲ್ಲಿ ಧಾರಾವಾಹಿಯೆಂದರೆ ವಾರಕ್ಕೊಂದು ಕಂತು, ಹದಿಮೂರು ವಾರ, ಅಲ್ಲಿಗೆ ಕಥೆ ಮುಗಿಯಿತು. ವರ್ಷದ 52 ವಾರಗಳನ್ನು ನಾಲ್ಕು ಪಾಲು ಮಾಡಿದರೆ ಬರುವ ಲೆಕ್ಕ ಅದು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಜನ ಮೆಚ್ಚಿದರೆ ಇನ್ನೊಂದು ಹದಿಮೂರು ಸಿಗುತ್ತಿತ್ತು. ಶಂಕರ್ ನಾಗ್ ಅವರು ನಮ್ಮ ಪಕ್ಕದ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 39 ಕಂತುಗಳು, ಅಂದರೆ ಮೂರು ಹದಿಮೂರು. ಭಾಷೆ ಹಿಂದಿಯಾದರೂ ನಮ್ಮ ಕಡೆಯವರು ಅದನ್ನು ಊರಿನ ಧಾರಾವಾಹಿ ಎಂದೇ ನೋಡಿದರು.

ದೂರದರ್ಶನ ಚಂದನ ಸಾರ್ವಜನಿಕ ಪ್ರಸಾರ ಸಂಸ್ಥೆಯ ವಾಹಿನಿ. ಖಾಸಗಿಯವರಂತೆ ಪ್ರತಿ ಗುರುವಾರ ಟಿಆರ್‌ಪಿಯ ಪಟ್ಟಿ ನೋಡಿ ಎದೆ ಹಿಡಿದುಕೊಳ್ಳಬೇಕಾದ ಅನಿವಾರ್ಯ ಅದಕ್ಕಿಲ್ಲ. ಮುಂದಿನ ಸಾಲನ್ನು ಯೋಜಿಸುವಾಗ ಅದು ಆರಂಭದ ದಿನಾಂಕದೊಂದಿಗೆ ಮುಕ್ತಾಯದ ದಿನಾಂಕವನ್ನೂ ಮೊದಲೇ ಹೇಳುವ ಹಳೆಯ ಹದಿಮೂರು ವಾರಗಳ ಪದ್ಧತಿಗೆ ಮರಳಬೇಕೆ? ನನ್ನ ಅಭಿಪ್ರಾಯ ಮರಳಬೇಕು ಎಂದು. ಒಪ್ಪದವರು ಕಾರಣ ಕೊಟ್ಟು ಒಪ್ಪದಿರಲಿ.

ಹಳೆ ಆಂಟೆನಾ

ಪೂರ್ಣವಾಗಿ ಒಪ್ಪುತ್ತೇನೆ. ಮುಗಿಯುವ ದಿನ ಗೊತ್ತಿದ್ದ ಕಥೆಗಾರ ಮೊದಲ ಕಂತಿನಿಂದಲೇ ಹದ ಮಾಡಿಕೊಂಡು ಬರುತ್ತಾನೆ. ಗೊತ್ತಿಲ್ಲದವನು ನಾಯಕಿಗೆ ನೆನಪು ಹೋಗುವಂತೆ ಮಾಡುತ್ತಾನೆ.

ಮಲ್ಲಿಗೆ ಹಂಬು

ಮೇಷ್ಟ್ರೇ, ಹಳೆಯದೆಲ್ಲ ಹದಿಮೂರು ಕಂತು, ಒಳ್ಳೆಯದೆಲ್ಲ ಹದಿಮೂರು ಕಂತು ಎಂಬ ನಿಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಧಾರಾವಾಹಿಯೇ ಬಿಟ್ಟುಹೋಗಿದೆ. 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರು ಸೇರಿ ನಿರ್ದೇಶಿಸಿದ ‘ಮಾಯಾಮೃಗ’ ಇದೇ ಚಂದನದಲ್ಲಿ ಬಂದದ್ದು, ದಿನವೂ ಬಂದದ್ದು, ಹದಿಮೂರರ ಹತ್ತಾರು ಪಟ್ಟು ಉದ್ದವಾಗಿ ಬಂದದ್ದು. ಮೈಸೂರಿನ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಒಲೆಯ ಮೇಲೆ ಹಾಲಿಟ್ಟವರು ಯಾರೂ ಇರುತ್ತಿರಲಿಲ್ಲ, ಇಟ್ಟವರದು ಉಕ್ಕಿ ಹೋಗುತ್ತಿತ್ತು. ಉದ್ದವೇ ದೋಷವಾಗಿದ್ದರೆ ಇಂದಿಗೂ ಜನ ಅದನ್ನು ನೆನೆಯುತ್ತಿರಲಿಲ್ಲ.

ಇನ್ನೊಂದು ಮಾತು. ದಿನದ ಧಾರಾವಾಹಿ ಎಂದರೆ ಮೂಗು ಮುರಿಯುವುದು ವಿದ್ಯಾವಂತರ ಲಕ್ಷಣ ಎಂಬಂತಾಗಿದೆ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಸಂಜೆ ಏಳರಿಂದ ಒಂಬತ್ತರವರೆಗೆ ಮನೆಯೊಳಗೆ ಕನ್ನಡದ ಮಾತು ಕೇಳಿಸುವುದೇ ಆ ಧಾರಾವಾಹಿಗಳಿಂದ ಎನ್ನುವ ಹೆಂಗಸರು ನಮ್ಮ ಬಡಾವಣೆಯಲ್ಲೇ ಐದಾರು ಮಂದಿ ಇದ್ದಾರೆ.

ತುಂಗೆಯ ತಟ

ಮೇಡಂ, ‘ಮಾಯಾಮೃಗ’ದ ಬಗ್ಗೆ ತಲೆಬಾಗುತ್ತೇನೆ. ಆದರೆ ಅದು ಉದ್ದವಿದ್ದರೂ ಅದರ ಕರ್ತೃಗಳು ಕಥೆಯನ್ನು ಮುಗಿಸಿದರು ಎಂಬುದನ್ನು ಗಮನಿಸಿ. ನನ್ನ ತಕರಾರು ಉದ್ದದ ಮೇಲಲ್ಲ, ಕೊನೆಯಿಲ್ಲದಿರುವುದರ ಮೇಲೆ. ಹದಿಮೂರೋ ನಾನೂರೋ, ಸಂಖ್ಯೆ ಮೊದಲೇ ಗೊತ್ತಿರಲಿ.

ಸಂಕಲನದ ಮೇಜು

ಟಿ.ವಿ. ಕ್ಷೇತ್ರದಲ್ಲಿ ಹನ್ನೊಂದು ವರ್ಷ ಸಹಾಯಕ ನಿರ್ದೇಶಕನಾಗಿಯೂ ಸಂಕಲನಕಾರನಾಗಿಯೂ ದುಡಿದವನಾಗಿ ಒಂದೆರಡು ವಿಷಯಗಳನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಇಲ್ಲಿ ಎಲ್ಲರೂ ಕಥೆಗಾರನನ್ನು ದೂರುತ್ತಿದ್ದೀರಿ. ದುಡ್ಡು ಹೇಗೆ ಹರಿಯುತ್ತದೆ ಎಂಬುದನ್ನು ಯಾರೂ ಕೇಳುತ್ತಿಲ್ಲ.

ದೂರದರ್ಶನದಲ್ಲಿ ಕಾರ್ಯಕ್ರಮ ಬರುವ ದಾರಿಗಳು ಹಲವು. ಕೇಂದ್ರದ ಸಿಬ್ಬಂದಿ ತಾವೇ ಮಾಡುವುದು ಒಂದು. ಹೊರಗಿನ ನಿರ್ಮಾಪಕರಿಗೆ ಹಣ ಕೊಟ್ಟು ಮಾಡಿಸಿಕೊಳ್ಳುವುದು ಇನ್ನೊಂದು. ಮೂರನೆಯದು ಪ್ರಾಯೋಜಿತ ಪದ್ಧತಿ: ನಿರ್ಮಾಪಕನೇ ವಾಹಿನಿಗೆ ಪ್ರಸಾರ ಶುಲ್ಕ ಕಟ್ಟುತ್ತಾನೆ, ಅದಕ್ಕೆ ಪ್ರತಿಯಾಗಿ ತನ್ನ ಅರ್ಧ ಗಂಟೆಯಲ್ಲಿ ಇಂತಿಷ್ಟು ಸೆಕೆಂಡುಗಳ ಜಾಹೀರಾತಿನ ಸಮಯವನ್ನು ಪಡೆದು, ಅದನ್ನು ಮಾರಿ ತನ್ನ ಬಂಡವಾಳ ತೆಗೆಯುತ್ತಾನೆ. ಈ ಮೂರನೆಯ ದಾರಿಯಲ್ಲಿ ಹದಿಮೂರು ಕಂತಿಗೆ ನಿಲ್ಲಿಸಿ ಎಂದರೆ ನಿರ್ಮಾಪಕ ನೆಲಕಚ್ಚುತ್ತಾನೆ. ಮನೆಯ ಸೆಟ್ಟು, ಬಾಡಿಗೆ, ಕಲಾವಿದರ ಮುಂಗಡ, ಮೊದಲ ತಿಂಗಳ ಪ್ರಚಾರ, ಇವೆಲ್ಲ ಒಂದೇ ಸಲದ ಖರ್ಚು. ಹದಿಮೂರಕ್ಕೆ ಹಂಚಿದರೆ ಕಂತಿನ ಮೇಲೆ ಬೀಳುವ ಭಾರವೇ ಬೇರೆ, ಮುನ್ನೂರಕ್ಕೆ ಹಂಚಿದರೆ ಬೀಳುವುದೇ ಬೇರೆ. ಜಾಹೀರಾತುದಾರ ಕಾರ್ಯಕ್ರಮದ ಹೆಸರನ್ನು ಕೇಳಿ ಒಪ್ಪುವ ಹೊತ್ತಿಗೆ ಎಂಟನೆಯ ವಾರ ಬಂದಿರುತ್ತದೆ.

ಆದ್ದರಿಂದ ಮುಗಿಯುವ ಕಥೆ ಬೇಕು ಎನ್ನುವವರು, ಅದನ್ನು ಮೊದಲ ಅಥವಾ ಎರಡನೆಯ ದಾರಿಯಲ್ಲೇ, ಅಂದರೆ ವಾಹಿನಿಯ ಖರ್ಚಿನಲ್ಲೇ ಮಾಡಬೇಕು ಎಂದು ಕೇಳಬೇಕು. ಬರಿದೇ ‘ಹಳೆಯ ಪದ್ಧತಿ’ ಎಂದರೆ ಆಗುವುದಿಲ್ಲ.

ಹಳೆ ಆಂಟೆನಾ

ಹಾಗಾದರೆ ಕೇಳೋಣ. ತೆರಿಗೆ ಕಟ್ಟುವವರು ನಾವೇ ತಾನೆ?

ಸಂಕಲನದ ಮೇಜು

ಕೇಳಿ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಪ್ರಸಾರ ಭಾರತಿಯ ಮೂಲಸೌಕರ್ಯ ಅಭಿವೃದ್ಧಿಗೆಂದು 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಅವಧಿ 2025-26ರವರೆಗೆ. ಅದು ದೇಶಕ್ಕೆಲ್ಲ ಸೇರಿದ ಮೊತ್ತ, ಅದರಲ್ಲಿ ಆಕಾಶವಾಣಿಯ ಟ್ರಾನ್ಸ್‌ಮಿಟರುಗಳಿಗೂ ಪಾಲಿದೆ. ಯಂತ್ರಕ್ಕೆ ಹಣ ಬಂದಷ್ಟು ಸುಲಭವಾಗಿ ಚಿತ್ರಕಥೆ ಬರೆಯುವವನಿಗೆ ಹಣ ಬರುವುದಿಲ್ಲ ಎಂಬುದು ನನ್ನ ಅನುಭವ. ಕ್ಯಾಮೆರಾಕ್ಕೆ ದರಪಟ್ಟಿ ಇರುತ್ತದೆ, ಕಥೆಗೆ ಇರುವುದಿಲ್ಲ.

ಬಿಸಿಲೂರು

ಚರ್ಚೆ ಕಂತಿನ ಸಂಖ್ಯೆಯಲ್ಲೇ ಸುತ್ತುತ್ತಿದೆ. ‘ಸ್ಥಳೀಯ ಕಾರ್ಯಕ್ರಮ’ ಎಂದು ಹೇಳುವಾಗ ಸ್ಥಳ ಯಾವುದು ಎಂದು ನಾನು ಕೇಳಬಯಸುತ್ತೇನೆ.

ಕನ್ನಡದ ಟಿ.ವಿ. ಇತಿಹಾಸವೆಂದರೆ ಎಲ್ಲರೂ 1981ರ ನವೆಂಬರ್ 1ರಂದು ಬೆಂಗಳೂರು ಕೇಂದ್ರ ಆರಂಭವಾದದ್ದನ್ನು ಹೇಳುತ್ತಾರೆ. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದ ‘ಸೈಟ್’ ಪ್ರಯೋಗ ನಡೆದಾಗ, ಕರ್ನಾಟಕದಲ್ಲಿ ಆಯ್ಕೆಯಾದದ್ದು ಕಲಬುರಗಿ, ರಾಯಚೂರು ಮತ್ತು ವಿಜಯಪುರ ಜಿಲ್ಲೆಗಳ ಹಳ್ಳಿಗಳು. ನಮ್ಮ ತಂದೆಯವರು ಹೇಳುತ್ತಿದ್ದರು: ಶಾಲೆಯ ಮಾಳಿಗೆಯ ಮೇಲೆ ತಂತಿಬಲೆಯ ದೊಡ್ಡ ಛತ್ರಿ, ಕೆಳಗೆ ಒಂದು ಪೆಟ್ಟಿಗೆ, ಅಂಗಳದಲ್ಲಿ ಇಡೀ ಊರು. ಆ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ಅನಂತರ 1977ರಲ್ಲಿ ಕಲಬುರಗಿಗೆ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿನವರು ಇನ್ನೂ ರೇಡಿಯೋದ ಮುಂದೆ ಕುಳಿತಿದ್ದ ಕಾಲವದು.

ಇಂದು ಯಾವ ವಾಹಿನಿಯ ಹೊಸ ಸಾಲನ್ನೇ ತೆರೆದು ನೋಡಿ, ಮನೆ ಬೆಂಗಳೂರಿನದು, ಕಂಪನಿ ಬೆಂಗಳೂರಿನದು, ಮಾತು ಬೆಂಗಳೂರಿನದು. ನಮ್ಮ ಮಾತು ಬಂದರೆ ಅದು ಅಡುಗೆಯವನ ಬಾಯಲ್ಲೋ ಕಾವಲುಗಾರನ ಬಾಯಲ್ಲೋ ಬರುತ್ತದೆ, ಅದೂ ನಗಿಸುವುದಕ್ಕೆ. ಹದಿಮೂರು ಕಂತಾಗಲಿ ಮೂರು ಸಾವಿರವಾಗಲಿ, ನಮ್ಮ ಭಾಗದ ನ್ಯಾಯಾಧೀಶೆಯೊಬ್ಬಳು ನಮ್ಮ ಭಾಗದ ಕನ್ನಡದಲ್ಲೇ ತೀರ್ಪು ಓದುವ ದಿನದವರೆಗೆ ನನಗೆ ಯಾವ ಸಾಲೂ ಹೊಸದಲ್ಲ.

ಮಲ್ಲಿಗೆ ಹಂಬು

ಈ ಮಾತಿಗೆ ಉತ್ತರವಿಲ್ಲ. ಸಂಪೂರ್ಣ ಸರಿ.

ಇಪ್ಪತ್ತರ ಹರೆಯ

ಹಿರಿಯರ ನಡುವೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ನಮ್ಮ ವಯಸ್ಸಿನವರು ಎಂಟು ಕಂತು, ಹತ್ತು ಕಂತುಗಳ ಸರಣಿಗಳನ್ನೇ ಮೊಬೈಲಿನಲ್ಲಿ ನೋಡುತ್ತಿರುವುದು, ಅವು ಮಲಯಾಳದಲ್ಲಿವೆ, ತಮಿಳಿನಲ್ಲಿವೆ, ಕೊರಿಯಾದ ಭಾಷೆಯಲ್ಲಿಯೂ ಇವೆ. ಕನ್ನಡದಲ್ಲಿ ಮಾತ್ರ ಬೆರಳೆಣಿಕೆಯಷ್ಟು. ಮೇಷ್ಟ್ರು ಹಳೆಯ ಪದ್ಧತಿ ಎಂದು ಕರೆಯುತ್ತಿರುವುದು ನಮಗೆ ಹೊಚ್ಚಹೊಸದು. ಪ್ರಸಾರ ಭಾರತಿಯೇ 2024ರ ನವೆಂಬರಿನಲ್ಲಿ ‘ವೇವ್ಸ್’ ಎಂಬ ಒಟಿಟಿ ಆರಂಭಿಸಿದೆ. ಹದಿಮೂರು ಕಂತುಗಳನ್ನು ವಾರಕ್ಕೊಂದರಂತೆ ಚಂದನದಲ್ಲಿ ಬಿಟ್ಟು, ಮುಗಿದ ಮೇಲೆ ಒಟ್ಟಿಗೆ ಅಲ್ಲಿ ಹಾಕಿದರೆ ಅಜ್ಜಿಯೂ ನೋಡುತ್ತಾರೆ, ನಾನೂ ನೋಡುತ್ತೇನೆ.

ಕಡಲ ತಡಿ

ಕರಾವಳಿಯ ಕಡೆಯಿಂದ ಒಂದು ಮಾತು. ಸದಾನಂದ ಸುವರ್ಣ ಅವರು ತೊಂಬತ್ತರ ದಶಕದ ಮೊದಲಲ್ಲಿ ದೂರದರ್ಶನಕ್ಕೆ ನಿರ್ದೇಶಿಸಿದ ‘ಗುಡ್ಡದ ಭೂತ’ವನ್ನು ಯಾರೂ ಹೆಸರಿಸಿಲ್ಲವಲ್ಲ ಎಂದು ಕಾಯುತ್ತಿದ್ದೆ. ಕೆಲವೇ ವಾರಗಳಲ್ಲಿ ಮುಗಿದ ಕಥೆ ಅದು. ಪ್ರಕಾಶ್ ರಾಜ್ ಅವರು ಆಗಿನ್ನೂ ಪ್ರಕಾಶ್ ರೈ. ಶೀರ್ಷಿಕೆ ಗೀತೆಯ ‘ಡೆನ್ನಾನ’ ಸೊಲ್ಲು ಕೇಳಿದರೆ ಮಂಗಳೂರಿನಿಂದ ಬೀದರಿನವರೆಗೆ ಆ ಕಾಲದ ಮಕ್ಕಳೆಲ್ಲ ಇಂದಿಗೂ ಹಿಂತಿರುಗಿ ನೋಡುತ್ತಾರೆ. ಬಿಸಿಲೂರು ಅವರು ಕೇಳಿದ ‘ಸ್ಥಳ’ ಅದರಲ್ಲಿ ಇತ್ತು: ಗುಡ್ಡ ನಮ್ಮದು, ಮಳೆ ನಮ್ಮದು, ಭಯವೂ ನಮ್ಮದು. ಹಾಗಿದ್ದೂ ಅದನ್ನು ಇಡೀ ರಾಜ್ಯ ನೋಡಿತು. ಎಲ್ಲರಿಗೂ ಅರ್ಥವಾಗಲೆಂದು ಯಾರ ಊರೂ ಅಲ್ಲದ ಊರನ್ನು ತೋರಿಸುವ ಅಗತ್ಯವಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಈ ಸೀಸನ್ ಎಂಬ ಕಲ್ಪನೆ ನಮಗೆ ಅಮೆರಿಕದಿಂದ ಬಂದದ್ದಲ್ಲ ಸ್ವಾಮಿ. ಯಕ್ಷಗಾನ ಮೇಳಗಳ ತಿರುಗಾಟ ಎಂದರೆ ಇನ್ನೇನು? ದೀಪಾವಳಿಯ ಆಚೀಚೆ ಮೇಳ ಹೊರಡುತ್ತದೆ, ಆ ವರ್ಷದ ಹೊಸ ಪ್ರಸಂಗ ಯಾವುದು, ಯಾವ ವೇಷಧಾರಿ ಯಾವ ಮೇಳಕ್ಕೆ ಬಂದಿದ್ದಾರೆ ಎಂದು ಊರೂರಲ್ಲಿ ಚರ್ಚೆಯಾಗುತ್ತದೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ದೇವರ ಮುಂದೆ ಇಡುತ್ತಾರೆ. ಅಲ್ಲಿಗೆ ತಿರುಗಾಟ ಮುಗಿಯಿತು. ಮಳೆಗಾಲದಲ್ಲಿ ನಾಲ್ಕೈದು ಮಂದಿಯ ಚಿಕ್ಕಮೇಳ ಮನೆಮನೆಗೆ ಬಂದು ಹತ್ತು ಹದಿನೈದು ನಿಮಿಷ ಕುಣಿದು ಹೋಗುತ್ತದೆ. ಅದನ್ನು ನೀವು ಮರುಪ್ರಸಾರ ಎನ್ನಿ, ಬೇಡ ಎಂದವರು ಯಾರು. ಕೊನೆಯ ದಿನ ಗೊತ್ತಿರುವುದರಿಂದಲೇ ಆ ಕೊನೆಯ ವಾರದ ಆಟಗಳಿಗೆ ಜನ ಸೇರುವುದು.

ಗುಳೇದಗುಡ್ಡ ಖಣ

ಇದೇ ಮಾತನ್ನು ನಾನು ಬಾದಾಮಿಯ ಕಡೆಯಿಂದ ಹೇಳಬೇಕೆಂದಿದ್ದೆ. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಕ್ಯಾಂಪ್ ಹಾಕುತ್ತವೆ, ಒಂದೇ ಬಯಲಿನಲ್ಲಿ ಹಲವು ಕಂಪನಿಗಳ ಪೆಂಡಾಲು, ರಾತ್ರಿಯಿಡೀ ಪ್ರಯೋಗ. ಜಾತ್ರೆ ಕಳೆದ ಮೇಲೆ ಪೆಂಡಾಲು ಕಿತ್ತು ಮುಂದಿನ ಊರಿಗೆ ಹೋಗುತ್ತಾರೆ. ಒಂದು ವರ್ಷವಾದರೂ ಆ ವಾಹಿನಿಯವರೋ ಈ ವಾಹಿನಿಯವರೋ ಆ ತಿಂಗಳು ಪೂರ್ತಿ ಅಲ್ಲೇ ಕ್ಯಾಮೆರಾ ಇಟ್ಟು, ಕಂಪನಿ ಮಾಲೀಕರ ಬದುಕು, ಹಾರ್ಮೋನಿಯಂ ಮೇಷ್ಟ್ರ ಬದುಕು, ನಟಿಯ ಮಗುವಿನ ಶಾಲೆಯ ಪ್ರಶ್ನೆ, ಇವನ್ನೆಲ್ಲ ಹದಿಮೂರು ಕಂತಿನಲ್ಲಿ ತೋರಿಸಿದರೆ ಅದಕ್ಕಿಂತ ದೊಡ್ಡ ಧಾರಾವಾಹಿ ಬೇಕೆ? ಮೈಸೂರು ದಸರೆಯ ಜಂಬೂ ಸವಾರಿಯನ್ನು ಚಂದನ ನೇರಪ್ರಸಾರ ಮಾಡುತ್ತದೆ, ಅದು ಸಂತೋಷ. ನಮ್ಮ ಜಾತ್ರೆಯ ತೇರೂ ತೇರೇ.

ಪದಸಂಕಟ

ನಡುವೆ ಬಾಯಿ ಹಾಕುತ್ತಿದ್ದೇನೆ. ‘ಸೀಸನ್’ ಎಂಬುದಕ್ಕೆ ಕನ್ನಡದಲ್ಲಿ ಯಾವ ಪದ ಬಳಸಬೇಕು? ‘ಋತು’ ಎಂದರೆ ಆರೇ ಇರುವುದು, ರಿಯಾಲಿಟಿ ಷೋಗಳು ಹತ್ತನ್ನು ದಾಟಿವೆ. ‘ಆವೃತ್ತಿ’ ಪುಸ್ತಕದ ಅಂಗಡಿಯ ವಾಸನೆ ಹೊಡೆಯುತ್ತದೆ. ‘ಸಾಲು’ ಎಂದು ಮೇಷ್ಟ್ರು ಬಳಸಿದ್ದಾರೆ, ಒಂದು ಸೊನ್ನೆ ಜಾರಿದರೆ ‘ಸಾಲ’ವಾಗುತ್ತದೆ.

ಹಾಗೆ ನೋಡಿದರೆ ‘ಕಂತು’ ಎಂಬುದನ್ನೂ ನಾವು ಸಾಲದ ಪುಸ್ತಕದಿಂದಲೇ ತಂದದ್ದು. ಸಾಲಕ್ಕಾದರೂ ಕಡೆಯ ಕಂತು ಎಂಬುದು ಒಂದಿರುತ್ತದೆ.

ತುಂಗೆಯ ತಟ

‘ಸಾಲು’ ಸಾಲವಾಗುವುದಕ್ಕೆ ಜಾರಬೇಕಾದದ್ದು ಸೊನ್ನೆಯಲ್ಲ, ಕೊಂಬು. ಮೂವತ್ತು ವರ್ಷ ಕಾಗುಣಿತ ತಿದ್ದಿದವನು ನಾನು, ಬಿಡುವುದಿಲ್ಲ.

ಪದಸಂಕಟ

ಒಪ್ಪಿದೆ, ಕೊಂಬು. ಆದರೆ ನಿಮ್ಮ ವಾದಕ್ಕೆ ವಿರುದ್ಧವಾಗಿ ಒಂದು ಮಾತು: ‘ಧಾರಾವಾಹಿ’ ಎಂದರೆ ಧಾರೆಯಾಗಿ ಹರಿಯುವುದು. ನಿಲ್ಲಬಾರದು ಎಂಬುದು ಹೆಸರಿನಲ್ಲೇ ಇದೆ.

ಕಡಲ ತಡಿ

‘ತಿರುಗಾಟ’ ಎನ್ನಿ. ಚಂದನದ ಹೊಸ ತಿರುಗಾಟ. ಅನುವಾದದ ಅಗತ್ಯವೇ ಇಲ್ಲ.

ಹಳೆ ಆಂಟೆನಾ

‘ತಿರುಗಾಟ’ ಎಂದರೆ ಬಯಲುಸೀಮೆಯಲ್ಲಿ ಕೆಲಸವಿಲ್ಲದೆ ಊರು ಸುತ್ತುವುದು ಎಂದರ್ಥ. ಬೇಡ.

ಅಡಕೆ ತೋಟ

ಸಾಗರದ ಹತ್ತಿರದ ಬೆಳೆಗಾರ ನಾನು. ನೀವೆಲ್ಲ ಕಥೆಯ ಕಾರ್ಯಕ್ರಮಗಳನ್ನೇ ಕುರಿತು ಬರೆಯುತ್ತಿದ್ದೀರಿ, ಪ್ರಾದೇಶಿಕ ವಾಹಿನಿಯನ್ನು ನಮ್ಮಂಥವರು ನೋಡುವುದು ಕೃಷಿಯ ಕಾರ್ಯಕ್ರಮಕ್ಕೆ. ದೆಹಲಿಯಿಂದ 1967ರ ಜನವರಿ 26ರಂದು ‘ಕೃಷಿ ದರ್ಶನ’ ಶುರುವಾದ ಕಾಲದಿಂದಲೂ ರೈತನಿಗೆ ಟಿ.ವಿ. ಎಂಬ ಮಾತು ನಡೆದು ಬಂದಿದೆ. ಈ ಕಾರ್ಯಕ್ರಮಗಳಿಗೆ ಸೀಸನ್ ಎಂಬುದು ಬೇಕೇ ಬೇಕು, ಮತ್ತು ಅದು ಹದಿಮೂರು ವಾರದ್ದಲ್ಲ, ಮಳೆಯದ್ದು.

ಉದಾಹರಣೆ ಹೇಳುತ್ತೇನೆ. ಅಡಕೆಯ ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವನ್ನು ಬೇರೆ, ಸುಣ್ಣವನ್ನು ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಲೋಹದ ಪಾತ್ರೆ ಬಳಸಬಾರದು. ಇದನ್ನು ಮಾತಿನಲ್ಲಿ ಹೇಳಿದರೆ ಹೊಸಬನಿಗೆ ಹತ್ತುವುದಿಲ್ಲ, ಕಣ್ಣಿಗೆ ಕಾಣಿಸಬೇಕು, ಅದಕ್ಕೇ ಟಿ.ವಿ. ಬೇಕಾದದ್ದು. ಮೊದಲ ಸಿಂಪರಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು. ಈ ಕಾರ್ಯಕ್ರಮ ಮೇ ಮೂರನೆಯ ವಾರದಲ್ಲಿ ಬಂದರೆ ಚಿನ್ನ. ಸೆಪ್ಟೆಂಬರಿನಲ್ಲಿ ಬಂದರೆ, ಉದುರಿದ ಕಾಯಿಗಳನ್ನು ಗುಡಿಸುತ್ತಾ ನೋಡಬಹುದು. ಹಿಂದೊಮ್ಮೆ ಒಂದು ವಾಹಿನಿಯಲ್ಲಿ ಅಂಥದೇ ಒಂದು ಒಳ್ಳೆಯ ಕಂತನ್ನು ನಾನು ನೋಡಿದ್ದು ಗಣಪತಿ ಹಬ್ಬ ಕಳೆದ ಮೇಲೆ. ನಿರೂಪಕರು ‘ರೈತ ಬಾಂಧವರೇ, ಮಳೆಗೆ ಮುನ್ನ’ ಎಂದು ಶುರುಮಾಡಿದರು. ಹೊರಗೆ ಮಳೆ ನಿಲ್ಲುವ ಹಂತದಲ್ಲಿತ್ತು.

ಬಿಸಿಲೂರು

ಅಡಕೆ ತೋಟ ಅವರೇ, ನಿಮ್ಮ ಮೇ ನಮ್ಮ ಮೇ ಅಲ್ಲ. ನಮ್ಮಲ್ಲಿ ತೊಗರಿ ಬಿತ್ತುವುದು ಜೂನ್ ಕೊನೆ, ಜುಲೈ. ಕೊಯ್ಯುವುದು ಡಿಸೆಂಬರ್, ಜನವರಿ. ನೆಟೆ ರೋಗದ ಮಾತನ್ನು ಬೀಜ ಕೊಳ್ಳುವ ಮೊದಲೇ ಹೇಳಬೇಕು, ಏಕೆಂದರೆ ರೋಗ ತಡೆದುಕೊಳ್ಳುವ ತಳಿಯನ್ನು ಆರಿಸಬೇಕಾದದ್ದು ಆಗಲೇ. ಹಿಂಗಾರು ಜೋಳದ ಬಿತ್ತನೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಒಂದೇ ರಾಜ್ಯಕ್ಕೆ ಒಂದೇ ಕೃಷಿ ಕಾರ್ಯಕ್ರಮ ಮಾಡುವಾಗ ನಿಮಗೂ ನಮಗೂ ಹೊಂದುವ ವಾರವೇ ಇಲ್ಲ. ಇದಕ್ಕೇ ನಾನು ಮೊದಲು ಸ್ಥಳದ ಪ್ರಶ್ನೆ ಎತ್ತಿದ್ದು.

ಅಡಕೆ ತೋಟ

ಹೌದು. ಹಾಗಾದರೆ ಎರಡು ಬೇಕು: ಒಂದು ಮುಂಗಾರಿಗೆ, ಒಂದು ಹಿಂಗಾರಿಗೆ, ಮುಂಗಾರಿನದ್ದನ್ನು ಮಲೆನಾಡಿನಲ್ಲಿ, ಹಿಂಗಾರಿನದ್ದನ್ನು ನಿಮ್ಮಲ್ಲಿ ಚಿತ್ರೀಕರಿಸಲಿ. ನೀವು ಜೋಳದ ಬಗ್ಗೆ ಹೇಳುವುದನ್ನು ನಾನು ಸುಮ್ಮನೆ ಕುಳಿತು ನೋಡುತ್ತೇನೆ, ನಮ್ಮಲ್ಲಿ ಆಗ ಕೊಯ್ಲು ಶುರುವಾಗಿರುವುದಿಲ್ಲ.

ಕಾಫಿ ಹೂವು

ಕೊಡಗಿನಿಂದ. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ ಭಾಷೆ ಕೇಳಿಸುತ್ತದೆ, ಮಂಗಳೂರು ಆಕಾಶವಾಣಿಯಲ್ಲಿ ತುಳು, ಕೊಂಕಣಿ ಕೇಳಿಸುತ್ತವೆ. ಟಿ.ವಿ. ಮಾತ್ರ ರಾಜ್ಯಕ್ಕೆ ಒಂದು ಭಾಷೆ ಎಂದುಕೊಂಡಿದೆ. ಹೊಸ ಸಾಲಿನಲ್ಲಿ ವಾರಕ್ಕೆ ಅರ್ಧ ಗಂಟೆ, ಕೆಳಗೆ ಕನ್ನಡದ ಅಕ್ಷರಗಳೊಂದಿಗೆ, ಈ ಭಾಷೆಗಳಿಗೆ ಸಿಗಲಿ. ಲಂಬಾಣಿ, ಬ್ಯಾರಿ ಭಾಷೆಗಳಿಗೂ ಸಿಗಲಿ. ಕನ್ನಡಕ್ಕೆ ಇದರಿಂದ ನಷ್ಟವಿಲ್ಲ; ಕೊಡವತಿಯಾದ ನಾನು ಈ ಎಲ್ಲ ಮಾತನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹಳೆ ಆಂಟೆನಾ

ಎಲ್ಲ ಸರಿ, ಇವನ್ನೆಲ್ಲ ನೋಡುವವರು ಯಾರು? ಸಣ್ಣ ಊರುಗಳ ಅನಲಾಗ್ ಟ್ರಾನ್ಸ್‌ಮಿಟರುಗಳೆಲ್ಲ 2022ರ ಹೊತ್ತಿಗೆ ಮುಚ್ಚಿದವು. ನನ್ನ ಹೆಸರಿನಲ್ಲಿರುವ ಆಂಟೆನಾ ಈಗ ಬಟ್ಟೆ ಒಣಹಾಕಲು ಬಳಕೆಯಾಗುತ್ತಿದೆ.

ಸಂಕಲನದ ಮೇಜು

ತಲುಪುವ ದಾರಿ ಮುಚ್ಚಿಲ್ಲ, ಬದಲಾಗಿದೆ. ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಇದೆ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ 8ನೆಯ ಸೆಕ್ಷನ್ನಿನ ಪ್ರಕಾರ ಕೇಬಲ್ ನಡೆಸುವವರು ದೂರದರ್ಶನದ ವಾಹಿನಿಗಳನ್ನು, ಆ ರಾಜ್ಯದ ಪ್ರಾದೇಶಿಕ ವಾಹಿನಿಯೂ ಸೇರಿದಂತೆ, ಕೊಡಲೇಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಶಿಕ್ಷಣ ಇಲಾಖೆಯ ಪಾಠಗಳು ಬಂದದ್ದು ಚಂದನದಲ್ಲೇ. ಮೊಬೈಲ್ ಸಿಗ್ನಲ್ ಇಲ್ಲದ ಮನೆಗಳಿಗೆ ಬೇರೆ ದಾರಿ ಇರಲಿಲ್ಲ. ಹಾಗಾಗಿ ನೋಡುವವರು ಇಲ್ಲ ಎನ್ನಬೇಡಿ. ಯಾವ ಹೊತ್ತಿಗೆ ಏನು ಬರುತ್ತದೆ ಎಂಬುದನ್ನು ಅವರಿಗೆ ತಿಳಿಸುವವರು ಇಲ್ಲ ಎನ್ನಿ. ಹೊಸ ಸಾಲಿಗೆ ಅರ್ಧ ಶಕ್ತಿ ನಿರ್ಮಾಣದಿಂದ ಬಂದರೆ ಉಳಿದರ್ಧ ವೇಳಾಪಟ್ಟಿಯಿಂದ ಬರುತ್ತದೆ.

ಕೊಲ್ಲಿಯಿಂದ

ಬಹ್ರೇನಿನಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇವೆ. ನಮ್ಮ ಮನೆಯಲ್ಲಿ ಇಂದಿಗೂ ಊಟದ ಹೊತ್ತಿಗೆ ಯೂಟ್ಯೂಬಿನಲ್ಲಿ ‘ಥಟ್ ಅಂತ ಹೇಳಿ’ ಹಾಕುತ್ತೇವೆ. 2002ರ ಜನವರಿಯಲ್ಲಿ ಆರಂಭವಾಗಿ, ಡಾ. ನಾ. ಸೋಮೇಶ್ವರ ಅವರು ನಡೆಸುತ್ತ ಬಂದಿರುವ ಈ ರಸಪ್ರಶ್ನೆ ಮೂರು ಸಾವಿರ ಕಂತುಗಳನ್ನು ಎಂದೋ ದಾಟಿದೆ. ಅದಕ್ಕೆ ಸೀಸನ್ ಇಲ್ಲ, ಫೈನಲ್ ಇಲ್ಲ, ಕೋಟಿ ರೂಪಾಯಿಯಿಲ್ಲ. ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾರೆ. ನಿಮ್ಮ ಹದಿಮೂರು ವಾರದ ಕತ್ತರಿ ಇದಕ್ಕೂ ಬೀಳಬೇಕೆ, ಮೇಷ್ಟ್ರೇ?

ತುಂಗೆಯ ತಟ

ಖಂಡಿತ ಬೇಡ. ರಸಪ್ರಶ್ನೆಯ ಒಂದೊಂದು ಕಂತೂ ಅಂದೇ ಮುಗಿಯುತ್ತದೆ, ಯಾರನ್ನೂ ನಾಳೆಗೆ ನೇತುಹಾಕುವುದಿಲ್ಲ. ವಾರ್ತೆಗೂ ಸೀಸನ್ ಬೇಡ. ನಾನು ಹೇಳುತ್ತಿರುವುದು ಕಥೆಯ ವಿಷಯ ಮಾತ್ರ.

ಅದಕ್ಕೆ ನನಗೆ ಸ್ವಂತದ ಕಾರಣವೊಂದಿದೆ, ಮೊದಲೇ ಬರೆಯಬೇಕಿತ್ತು. ನಮ್ಮ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ಕೊನೆಯ ಮೂರು ವರ್ಷ ನಮ್ಮೊಂದಿಗೆ ಇದ್ದರು. ಖಾಸಗಿ ವಾಹಿನಿಯೊಂದರ ಒಂದು ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸದೆ ನೋಡುತ್ತಿದ್ದರು. ಅದರಲ್ಲಿ ಕಾಣೆಯಾದ ಹುಡುಗನೊಬ್ಬನಿದ್ದ. ಒಂದು ಶುಕ್ರವಾರ ಅವನ ಅಂಗಿ ಕೆರೆಯ ಬಳಿ ಸಿಕ್ಕಿತು. ಸೋಮವಾರ ಆ ಹೊತ್ತಿಗೆ ಬೇರೆಯೇ ಧಾರಾವಾಹಿ ಇತ್ತು, ಮಾತೂ ಇಲ್ಲ, ಸೂಚನೆಯೂ ಇಲ್ಲ. ಅವರು ಹದಿನೈದು ದಿನ ಅದೇ ಹೊತ್ತಿಗೆ ಟಿ.ವಿ. ಹಾಕಿಸಿದರು. ‘ಹುಡುಗ ಸಿಕ್ಕಿದನೇನೋ?’ ಎಂದು ನನ್ನನ್ನು ಕೇಳಿದರು. ನಾನು ಸಿಕ್ಕಿದ ಎಂದೆ. ಎಲ್ಲಿ ಎಂದರು. ಧರ್ಮಸ್ಥಳದಲ್ಲಿ ಎಂದೆ.

ಮಲ್ಲಿಗೆ ಹಂಬು

ಒಳ್ಳೆಯ ಕೆಲಸ ಮಾಡಿದಿರಿ. ನಾನು ಮೇಲೆ ಸ್ವಲ್ಪ ಬಿರುಸಾಗಿ ಬರೆದೆ. ನೀವು ಕೇಳುತ್ತಿರುವುದು ಇದೇ ಎಂದು ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಸಂಕಲನದ ಮೇಜು

ಅಂಥದೊಂದು ಧಾರಾವಾಹಿಯ ಘಟಕದಲ್ಲಿ ನಾನಿದ್ದೆ. ಹುಡುಗನ ಕಥೆಯದಲ್ಲ, ಬೇರೆ. ನಿಲ್ಲಿಸುತ್ತಾರೆ ಎಂಬುದು ನಮಗೆ ಗೊತ್ತಾದದ್ದು ಬುಧವಾರ ಸಂಜೆ. ಬ್ಯಾಂಕಿಂಗ್‌ನಲ್ಲಿ, ಅಂದರೆ ಮುಂಚಿತವಾಗಿ ಸಿದ್ಧಪಡಿಸಿಟ್ಟ ದಾಸ್ತಾನಿನಲ್ಲಿ, ಎರಡೇ ಕಂತು ಇತ್ತು, ಮುಗಿಸುವ ದೃಶ್ಯ ತೆಗೆಯಲು ಒಂದು ದಿನದ ಚಿತ್ರೀಕರಣ ಬೇಕಿತ್ತು, ಆ ಒಂದು ದಿನದ ಖರ್ಚನ್ನು ಯಾರು ಕೊಡಬೇಕು ಎಂದು ತೀರ್ಮಾನವಾಗಲಿಲ್ಲ. ಬೆಳಕಿನ ಹುಡುಗರಿಂದ ಹಿಡಿದು ಪ್ರಸಾಧನದವರವರೆಗೆ ಮೂವತ್ತಕ್ಕೂ ಹೆಚ್ಚು ಮಂದಿಗೆ ಮರುದಿನದಿಂದ ಕೆಲಸವಿರಲಿಲ್ಲ. ಕೊನೆಯ ದಿನಾಂಕ ಮೊದಲೇ ಗೊತ್ತಿದ್ದರೆ ಪ್ರೇಕ್ಷಕರಿಗಿಂತ ಹೆಚ್ಚಿಗೆ ಉಪಕಾರವಾಗುವುದು ಅವರಿಗೆ. ಈ ಕಾರಣಕ್ಕೆ, ಲೆಕ್ಕದ ತೊಡಕುಗಳನ್ನೆಲ್ಲ ಹೇಳಿದ ಮೇಲೂ, ನಾನು ಮೇಷ್ಟ್ರ ಪಕ್ಷ.

ಇಪ್ಪತ್ತರ ಹರೆಯ

ಬರೀ ಇಲ್ಲಿ ಬರೆದರೆ ಯಾರು ಓದುತ್ತಾರೆ? ಕೇಂದ್ರದ ನಿರ್ದೇಶಕರಿಗೆ ಒಂದು ಪತ್ರ ಕಳಿಸೋಣ.

ತುಂಗೆಯ ತಟ

ಕರಡು ನಾನು ಬರೆಯುತ್ತೇನೆ. ಇಷ್ಟು ಸೇರಿಸಬೇಕೆಂದಿದ್ದೇನೆ: ವಾಹಿನಿಯ ಖರ್ಚಿನಲ್ಲೇ ವರ್ಷಕ್ಕೆ ಎರಡು ಕಥೆಗಳು, ಹದಿಮೂರು ಕಂತಿನವು, ಒಂದು ಕಲಬುರಗಿ ಭಾಗದಲ್ಲಿ ಅಲ್ಲಿಯ ಮಾತಿನಲ್ಲೇ ಆಗಬೇಕು, ಕೃಷಿಯ ಕಾರ್ಯಕ್ರಮಗಳಿಗೆ ಮುಂಗಾರು, ಹಿಂಗಾರು ಎಂದು ಬೇರೆ ಬೇರೆ ವೇಳಾಪಟ್ಟಿ, ಇತರ ಭಾಷೆಗಳಿಗೆ ವಾರಕ್ಕೆ ಅರ್ಧ ಗಂಟೆ. ಬನಶಂಕರಿ ಜಾತ್ರೆಯನ್ನು ಪ್ರತ್ಯೇಕವಾಗಿ ಬರೆಯುತ್ತೇನೆ, ಅದು ಬೇ‍ರೆಲ್ಲದಕ್ಕಿಂತ ಸುಲಭವಾಗಿ ಆಗಬಹುದಾದದ್ದು.

ಪದಸಂಕಟ

ಪತ್ರದಲ್ಲಿ ‘ಸೀಸನ್’ಗೆ ಏನು ಬರೆಯುತ್ತೀರಿ?

ತುಂಗೆಯ ತಟ

‘ಸಾಲು’ ಎಂದೇ. ಕೊಂಬು ಎರಡು ಸಲ ನೋಡಿ ಕಳಿಸುತ್ತೇನೆ.

ಅಡಕೆ ತೋಟ

ನನ್ನ ಸಹಿ ಇದೆ. ಆದರೆ ಪತ್ರವನ್ನು ಮೇ ಎರಡನೆಯ ವಾರದೊಳಗೆ ತನ್ನಿ; ಆಮೇಲೆ ಔಷಧಿ ಹೊಡೆಯುವವರು ಬರುತ್ತಾರೆ, ಮೈಯೆಲ್ಲ ಮೈಲುತುತ್ತವಾಗಿರುತ್ತದೆ, ಕಾಗದ ಮುಟ್ಟಲಾಗುವುದಿಲ್ಲ.